ಪುಟ್ಟಗಂಗಮ್ಮನ ಕಲ್ಲುಕಟ್ಟೆ

ತಾನು ದಿನಾ ಕೂತು ಓದುವ ಕಲ್ಲುಕಟ್ಟೆಯ ಮೇಲೆ ಆ ಸಂಜೆ ಒಬ್ಬ ಮುದುಕಿ ಅಂಗಾತ ಮಲಗಿದ್ದನ್ನು ಕಂಡು ಇಮ್ದಾದ್ ಬೇಲಿಯ ಬಳಿಯೇ ನಿಂತುಬಿಟ್ಟ. ಎರಡೂ ಕೈ ಎದೆಯ ಮೇಲೆ, ಕಣ್ಣು ಮುಚ್ಚಿವೆ. ಕೆನ್ನೆಯ ಮೇಲೆ ನೊಣ ಕೂತರೂ ಮುಖ ಅಲುಗಲಿಲ್ಲ. ಸತ್ತುಹೋಗಿದ್ದಾಳೆ ಎಂದುಕೊಂಡ. 

ಓಡಿಹೋಗೋಣವೆನಿಸಿತು. ಓಡಿದರೆ ಯಾರಾದರೂ ನೋಡುತ್ತಾರೆ. ಅಸ್ಸಾಮಿನಿಂದ ಬಂದ ಹುಡುಗ, ಯಾರದೋ ತೋಟ, ಒಳಗೊಂದು ಹೆಣ. ಯಾರು ಏನೆಂದುಕೊಳ್ಳುತ್ತಾರೋ!

ಅವನು ಈ ತೋಟಕ್ಕೆ ಬಂದು ಸೇರಿದ್ದಾದರೂ ಬೇರೆ ದಾರಿ ಕಾಣದೆ. ಅಣ್ಣ ತಿಪಟೂರಿನ ಕಾಯಿಪುಡಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅವನ ಬೆನ್ನಿಗೇ ಬಂದು ಇಮ್ದಾದ್ ಬಿ.ಎಸ್ಸಿ. ಸೇರಿದ್ದ. ಭೌತ ರಸಾಯನಶಾಸ್ತ್ರದಲ್ಲಿ ಒಮ್ಮೆ ನಪಾಸಾಗಿದ್ದ. ಇನ್ನೊಮ್ಮೆ ಆದರೆ ಕಾಲೇಜು ಸಾಕು, ಬಂದು ಕಾಯಿ ಸುಲಿ ಎಂದು ಅಣ್ಣ ಹೇಳಿಬಿಟ್ಟಿದ್ದ. ಅವರ ಕೋಣೆ ರಹಮತುಲ್ಲಾ ಸಾಹೇಬರ ಗ್ಯಾರೇಜಿನ ಮೇಲೆ. ಬಾಡಿಗೆ ಕಡಿಮೆ, ಗ್ರೈಂಡರಿನ ಸದ್ದು ಧಾರಾಳ. ಹೋಟೆಲಿನಲ್ಲಿ ಕೂತರೆ ಮತ್ತೊಂದು ಟೀ ಹೇಳಬೇಕು. ಗ್ರಂಥಾಲಯದಲ್ಲಿ ಪೇಪರು ಓದುವವರ ರಾಜಕೀಯ. ಸ್ಟೇಷನ್ನಿನ ಬೆಂಚಿನಲ್ಲಿ ಕೂತರೆ ಟಿಕೆಟ್ ಎಲ್ಲಿ ಎನ್ನುತ್ತಾರೆ. ಕೊನೆಗೆ ಊರಾಚೆ, ಬೇಲಿಯ ಬಾಗಿಲಿಗೆ ಬೀಗವಿಲ್ಲದ ಈ ತೆಂಗಿನ ತೋಟ ಸಿಕ್ಕಿತ್ತು. ಅಲ್ಲಿ ಎರಡು ಕಟ್ಟೆಗಳಿದ್ದವು. ಒಂದಕ್ಕೆ ದೀಪದ ಗೂಡಿತ್ತು, ಅರಿಶಿನ ಬಳಿದಿತ್ತು. ಯಾವುದೋ ದೇವರಿರಬೇಕೆಂದು ಅದನ್ನು ಮುಟ್ಟದೆ, ನುಣುಪಾದ ಖಾಲಿ ಕಟ್ಟೆಯ ಮೇಲೆ ಅವನು ಕೂರುತ್ತಿದ್ದ.

ಈಗ ಹತ್ತಿರ ಹೋಗಿ ಬಗ್ಗಿದ. "ಅಜ್ಜೀ..."

"ಕಾಲು ಹೊರಕ್ಕೆ ಬಂದವೇನ್ಲಾ?" ಎಂದಿತು ಹೆಣ.

ಇಮ್ದಾದನ ಪುಸ್ತಕ ಕೈಜಾರಿ ಪಾತಿಯೊಳಕ್ಕೆ ಬಿತ್ತು.

"ನಿನ್ನೇ ಕಣ್ಲಾ ಕೇಳಿದ್ದು. ಕಾಲು ಕಲ್ಲಿನ ಮೇಲವೋ, ಆಚೆಗವೋ?"

"ಮೇ... ಮೇಲೇ ಅವೆ ಅಜ್ಜಿ. ಇನ್ನೂ ಒಂದು ಗೇಣು ಮಿಕ್ಕೈತೆ."

"ಹಂಗಾದ್ರೆ ಸರಿ ಬುಡು." ಮುದುಕಿ ಎದ್ದು ಕೂತು ತುರುಬು ಕಟ್ಟಿಕೊಂಡಳು. "ಆ ಗಾರೆಯವ್ನು ಕಲ್ಲು ಉಳಿಸಕ್ಕೆ ಮೋಟಾಗಿ ಕಟ್ಬುಟ್ಟವ್ನೆ ಅಂತ ಅನುಮಾನ ಇತ್ತು. ನೀನೇ ಏನು ದಿನಾ ಬಂದು ಓದೋನು? ನನ್ ಮಗ ಭೀಮರಾಜು ಹೇಳ್ದ, ಯಾವನೋ ಹುಡ್ಗ ನಿನ್ ಸಮಾಧಿ ಮೇಲೆ ಕೂತು ಓದ್ತಾನೆ ಕಣವ್ವ ಅಂತ."

"ಸಮಾಧೀನಾ?"

"ಇನ್ನೇನು ಮತ್ತೆ? ಆ ದೀಪದ ಗೂಡಿರೋದು ನಮ್ ಯಜಮಾನ್ರದು, ಚಿಕ್ಕರಂಗಯ್ಯನೋರು. ಇದು ನಂದು, ಪುಟ್ಟಗಂಗಮ್ಮಂದು. ಒಳಗೆ ಗುಂಡಿ ತೆಗೆಸಿ, ಸುತ್ತ ಕಲ್ಲು ಕಟ್ಸಿ, ಮೇಲೆ ಚಪ್ಪಡಿ ಮುಚ್ಸಿವ್ನಿ. ನಾನು ಹೋದ್ಮೇಲೆ ಈ ಮಕ್ಳು ತೋಟ ಭಾಗ ಮಾಡ್ಕಂಡು ನನ್ನ ಯಾವ್ ಮೂಲೆಗೆ ಹಾಕ್ತಾರೋ ಯಾರಿಗ್ಗೊತ್ತು?"

ಇಮ್ದಾದ್ ಒಂದು ಹೆಜ್ಜೆ ಹಿಂದೆ ಸರಿದ. ಇದರ ಮೇಲೆ ಚುರುಮುರಿ ತಿಂದಿದ್ದ, ಬೆನ್ನು ಚಾಚಿ ನಿದ್ದೆ ಹೊಡೆದಿದ್ದ. ಅವನೂರಿನಲ್ಲಿ ಗೋರಿಯೆಂದರೆ ಬಿದಿರ ಮೆಳೆಯ ಕೆಳಗಿನ ಮಣ್ಣಿನ ದಿಬ್ಬ. ಸತ್ತವರ ಮೇಲೆ ಕೂರುವುದಕ್ಕಿಂತ ಕೆಂಡದ ಮೇಲೆ ಕೂರುವುದು ವಾಸಿ ಎಂದು ನಾನಿ, ಅವನ ತಾಯಿಯ ತಾಯಿ, ಹೇಳಿಕೊಟ್ಟಿದ್ದಳು. ಬದುಕಿರುವವರು ತಮ್ಮದನ್ನು ತಾವೇ ಕಟ್ಟಿಸಿಕೊಂಡು, ಅಳತೆ ನೋಡಲು ಮಲಗುತ್ತಾರೆಂದು ಅವಳೂ ಕೇಳಿರಲಾರಳು.

"ತಪ್ಪಾಯ್ತು ಅಜ್ಜಿ, ಗೊತ್ತಿರ್ಲಿಲ್ಲ. ಇನ್ಮೇಲೆ ಬರಲ್ಲ."

"ಬರಬೇಡ ಅಂದೋರ್ಯಾರು? ಪರೀಕ್ಷೆ ಯಾವಾಗ?"

"ಬರೋ ವಾರ. ನಾನು ಆ ಮರದ ಬುಡದಲ್ಲಿ ಕೂರ್ತೀನಿ." ಪುಸ್ತಕ ಹೆಕ್ಕಿಕೊಂಡು ಅತ್ತ ಹೊರಟ.

"ಬ್ಯಾಡ ಕಣ್ಲೋ!" ಪುಟ್ಟಗಂಗಮ್ಮ ಕಿರುಚಿದ ರಭಸಕ್ಕೆ ಅವನು ಥಟ್ಟನೆ ನಿಂತ. ಮುದುಕಿ ಮರದ ತುದಿ ತೋರಿಸಿದಳು. "ಕೊಬ್ಬರಿಗೆ ಅಂತ ಬುಟ್ಟಿರೋ ಕಾಯಿ. ನಾವು ಕೀಳಕ್ಕಿಲ್ಲ, ಬಲಿತು ತಾವೇ ಉದುರ್ತವೆ. ಹೋದ್ ವರ್ಸ ನಮ್ ಕರಿಯಮ್ಮನ ತಲೆಗೆ ಬಿತ್ತು."

"ಯಾರು ಕರಿಯಮ್ಮ?"

"ಎಮ್ಮೆ. ಮೇಲಕ್ಕೇಳ್ಲೇ ಇಲ್ಲ."

ಇಮ್ದಾದ್ ತಲೆಯೆತ್ತಿ ಸುತ್ತ ನೋಡಿದ. ತೋಟದಲ್ಲೆಲ್ಲ ಗರಿಗೆ ಗರಿ ಕೂಡಿತ್ತು. ಹಿಂದೊಂದು ಮರ ಸತ್ತು ತೆರವಾಗಿದ್ದಲ್ಲಿ, ಈ ಎರಡು ಕಟ್ಟೆಗಳ ಮೇಲೆ ಮಾತ್ರ, ಆಕಾಶ ಕಾಣುತ್ತಿತ್ತು. ತಲೆ ಉಳಿಯಬೇಕಾದರೆ ಸಮಾಧಿಯ ಮೇಲೇ ಕೂರಬೇಕು. ಇಲ್ಲವೆಂದರೆ ಗ್ರೈಂಡರು, ಆಮೇಲೆ ಫ್ಯಾಕ್ಟರಿ.

"ನಮ್ಮಲ್ಲಿ ಗೋರಿ ಮೇಲೆ ಕೂರಬಾರದು ಅಜ್ಜಿ."

"ನಮ್ಮಲ್ಲೂ ಕೂರಬಾರ್ದು. ಒಳಗೆ ಯಾರಾದ್ರೂ ಇದ್ರೆ."

ಅವನು ಆ ಮಾತನ್ನು ಮನಸ್ಸಿನಲ್ಲೇ ತೂಗಿ ನೋಡಿದ. ನಾನಿ ಹೇಳಿದ್ದು ಸತ್ತವರ ವಿಷಯ. ಈ ಚಪ್ಪಡಿಯ ಕೆಳಗಿರುವುದು ಗಾಳಿ. ತರ್ಕ ಸರಿಯಾಗಿಯೇ ಇತ್ತು. ಮೊಣಕಾಲು ಮಾತ್ರ ಒಪ್ಪಲಿಲ್ಲ. ಬಹಳ ಹೊತ್ತು ನಿಂತಿದ್ದು, ಕೊನೆಗೆ ಕಟ್ಟೆಯ ಅಂಚಿನಲ್ಲಿ, ಅರ್ಧ ಗಾಳಿಯಲ್ಲಿ ಅರ್ಧ ಕಲ್ಲಿನಲ್ಲಿ ಕೂತ.

ಪುಟ್ಟಗಂಗಮ್ಮ ಪಕ್ಕದಲ್ಲಿ ಕಾಲು ಚಾಚಿಕೊಂಡು, ಗರಿಯಿಂದ ಪೊರಕೆ ಕಡ್ಡಿ ಸೀಳತೊಡಗಿದಳು. ಇಮ್ದಾದ್ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದ. ಅಕ್ಷರ ತಲೆಗೆ ಹತ್ತಲಿಲ್ಲ.

"ಬಾಯಿ ಬುಟ್ಟು ಓದ್ಲಾ," ಎಂದಳು ಮುದುಕಿ. "ನಿಂಗೆ ಹೆದ್ರಿಕೆ ಹೋಯ್ತದೆ, ನಂಗೆ ಹೊತ್ತು ಹೋಯ್ತದೆ."

ಇಂಗ್ಲಿಷಿನಲ್ಲಿದ್ದ ಅನಿಲಗಳ ಪಾಠವನ್ನು ಅವನು ಮೆಲುದನಿಯಲ್ಲಿ ಶುರುಮಾಡಿದ. ಮುದುಕಿ ಒಂದಕ್ಷರ ತಿಳಿಯದಿದ್ದರೂ ತಲೆದೂಗುತ್ತ ಕಡ್ಡಿ ಸೀಳಿದಳು. ಎರಡನೇ ಪುಟ ತಿರುವುವಾಗ ತಾನು ಕಲ್ಲಿನ ಮೇಲೆ ಪೂರ್ತಿ ಸರಿದು ಕೂತಿದ್ದು ಅವನ ಗಮನಕ್ಕೇ ಬರಲಿಲ್ಲ.