ಲೆಸೆಡಿಯ ಕ್ರೀಮು

ಮಗಳು ಲೆಸೆಡಿಯನ್ನು ನನ್ನ ಅತ್ತೆ ಕ್ವಾಕ್ವಾ ಎಂಬ ತಮ್ಮ ಬೆಟ್ಟದೂರಿಗೆ ಕರೆದುಕೊಂಡು ಹೋಗಿ ಏಳು ತಿಂಗಳಾಗಿತ್ತು. ನದಿಯಾಚೆಯ ಕಾರ್ಖಾನೆಯ ರಾಸಾಯನಿಕ ನಮ್ಮ ನಲ್ಲಿ ನೀರಿಗೆ ಸೇರಿದೆ ಎಂದು ಗೊತ್ತಾದ ವಾರವೇ ಹೊರಟಿದ್ದರು. "ನೀರು ಚೆನ್ನಾಗಿದೆ ಅಂತ ಕಾಗದ ತೋರಿಸು, ಮಗೂನ ಕರ್ಕೊಂಡು ಹೋಗು," ಎಂದಿದ್ದರು. ನಮ್ಮಲ್ಲಿ ಜನವರಿಯಲ್ಲಿ ಶಾಲೆ ಶುರು. ಅಷ್ಟರೊಳಗೆ ಕಾಗದ ಬಾರದಿದ್ದರೆ ಅಲ್ಲಿಯೇ ಒಂದನೇ ತರಗತಿಗೆ ಸೇರಿಸುತ್ತಾರೆ. ಸೇರಿಸಿದ ಮೇಲೆ ವರ್ಷದ ನಡುವೆ ಬಿಡಿಸುವವರಲ್ಲ.

ಊರಿನ ಟ್ಯಾಂಕಿಗೆ ಹೊಸ ಫಿಲ್ಟರ್ ಬಂತು. ಪರೀಕ್ಷೆಗೆ ನಮ್ಮ ಬೀದಿಯಲ್ಲಿ ಆರಿಸಿದ್ದು ನಮ್ಮ ಮನೆಯ ನಲ್ಲಿ. ಪ್ರಯೋಗಾಲಯದ ಮಸೆಚಬಾ ಹಿಂದಿನ ದಿನವೇ ಫೋನ್ ಮಾಡಿ, ಕ್ರೀಮು ಸೆಂಟು ಏನೂ ಹಚ್ಚಬೇಡಿ, ಅದೇ ರಾಸಾಯನಿಕ ಅವುಗಳಲ್ಲೂ ಇರಬಹುದು ಎಂದಿದ್ದಳು.

ಡಿಸೆಂಬರಿನ ಆ ಬೆಳಗ್ಗೆ ಬಂದವಳು ಮತ್ತೆ ಕೇಳಿದಳು. ಇಲ್ಲ ಎಂದೆ. ನಮ್ಮ ನಲ್ಲಿಯ ತಿರುಪು ಸಡಿಲ, ಒತ್ತಿ ಹಿಡಿದೇ ನಿಲ್ಲಬೇಕು. ಆ ವರಸೆ ನನಗೊಬ್ಬಳಿಗೇ ಗೊತ್ತು. ಬಾಟಲಿ ಹಿಡಿಯುವ ಮೊದಲು ಐದು ನಿಮಿಷ ನೀರು ಹರಿಯಬೇಕು. ತಿರುಪಿನಿಂದ ಸೋರಿದ ನೀರು ನನ್ನ ಮಣಿಕಟ್ಟನ್ನು ತೋಯಿಸಿ, ಬಾಟಲಿ ಹಿಡಿಯುವ ಕಡೆಗೇ ಇಳಿಯುತ್ತಿತ್ತು. ನಾಲ್ಕು ನಿಮಿಷ ತಡೆದೆ.

"ಮಸೆಚಬಾ, ಹಚ್ಕೊಂಡಿದೀನಿ."

"ನಿಮ್ಮನ್ನೇನು ಮದುವೆಗೆ ಕೇಳೋಕೆ ಬಂದಿದೀನಾ ಅಕ್ಕ, ಇಷ್ಟು ಸಿಂಗಾರಕ್ಕೆ?"

ಡಬ್ಬಿ ತಂದು ತೋರಿಸಿದೆ. ಮಗುವಿನ ಕ್ರೀಮು, ಮುಚ್ಚಳದ ಮೇಲೆ ಶಿಶುವಿಹಾರಕ್ಕೆಂದು ನಾನೇ ಬರೆದ ಹೆಸರು. ಹೊರಡುವ ಗಡಿಬಿಡಿಯಲ್ಲಿ ಉಳಿದುಹೋಗಿತ್ತು. ದಿನವೂ ಸ್ನಾನದ ನಂತರ ಉಗುರಿನಷ್ಟು ತೆಗೆದು ಮಣಿಕಟ್ಟಿಗೆ ಸವರಿಕೊಳ್ಳುತ್ತಿದ್ದೆ. ಕೆಲಸದ ಲಾಂಡ್ರಿಯಲ್ಲಿ ಇಸ್ತ್ರಿ ಉಜ್ಜುವಾಗ ಆ ವಾಸನೆ ಬಂದರೆ ಸಾಕು, ಮಗಳು ಕಾಲ ಬಳಿ ಕೂತಂತೆ.

ಮಸೆಚಬಾ ಹೆಸರು ಓದಿ, ಬಾಟಲಿಯನ್ನು ಖಾಲಿಯಾಗಿಯೇ ಪೆಟ್ಟಿಗೆಗೆ ಹಾಕಿದಳು. "ಇವತ್ತು ಕೈ ತೊಳ್ಕೊಂಡು ಹಿಡಿದ್ರೂ ಕಾಗದ ಸುಳ್ಳು ಹೇಳಬಹುದು ಅಕ್ಕ. ಇನ್ನು ಜನವರಿ ಕೊನೆಗೇ ನಿಮ್ಮ ಬೀದಿಯ ಸರದಿ."

ಡಬ್ಬಿಯನ್ನು ಕ್ವಾಕ್ವಾದ ಟ್ಯಾಕ್ಸಿಯವನ ಕೈಯಲ್ಲಿ ಕೊಟ್ಟು ಕಳಿಸಿದೆ. ಮನೆಯಲ್ಲಿದ್ದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಲೆಸೆಡಿ ಅಲ್ಲಿಯೇ ಶಾಲೆಗೆ ಸೇರಿದಳು. ಫೋನಿನಲ್ಲಿ, "ಅಮ್ಮಾ, ಡಬ್ಬಿ ಅರ್ಧ ಖಾಲಿ, ಯಾರು ಹಚ್ಕೊಂಡಿದ್ದು?" ಎಂದು ಜಗಳ ತೆಗೆದಳು. ಇಲಿ ಎಂದೆ. ನಕ್ಕಳು.

ಜನವರಿ ಕೊನೆಗೆ ಮಸೆಚಬಾ ಬಂದಳು. ಈ ಸಲ ಬಾಯಿಮಾತು ನಂಬದೆ ನನ್ನ ಎರಡೂ ಕೈಗಳನ್ನು ಹಿಡಿದು ಮೂಗಿಗೆ ತಂದುಕೊಂಡಳು.

"ಏನೂ ಇಲ್ಲ," ಎಂದಳು, ಮೆಚ್ಚಿ.

ನನಗೂ ಅದು ಗೊತ್ತಿತ್ತು. ತಿರುಪು ಒತ್ತಿ ಹಿಡಿದು ನಿಂತೆ.