ರಟ್ಟಿನ ನಾಣ್ಯ

ಗಲಭೆಯಿಂದ ಬ್ಯಾಂಕು ಮುಚ್ಚಿ ಚಿಲ್ಲರೆ ಸಿಗದಾದಾಗ, ಔಷಧಿ ಅಂಗಡಿ ನಡೆಸುತ್ತಿದ್ದ ನನ್ನ ಗಂಡ ಮಾತ್ರೆ ಡಬ್ಬಗಳ ರಟ್ಟು ಕತ್ತರಿಸಿ, ಬೆಲೆ ಬರೆದು, ಸಹಿ ಹಾಕಿ, ಬ್ಯಾಂಕು ತೆರೆದಾಗ ನಾಣ್ಯ ಕೊಡುವುದಾಗಿ ಹೇಳಿ ಗಿರಾಕಿಗಳಿಗೆ ಕೊಟ್ಟರು. ಹೊಡೆದಾಡುತ್ತಿದ್ದ ಎರಡೂ ಬದಿಯವರು ಹದಿನೈದು ದಿನ ಅದರಲ್ಲೇ ವ್ಯಾಪಾರ ಮಾಡಿದರು. ಹದಿನಾರನೆಯ ದಿನ ಯಾರೋ ಎಸೆದ ಕಲ್ಲಿಗೆ ನನ್ನ ಗಂಡ ಬಲಿಯಾದರು.

ಬ್ಯಾಂಕು ತೆರೆದ ಮೇಲೆ, ಅವರ ಮಾತು ಹೋಗಬಾರದೆಂದು ನಾಣ್ಯದ ಚೀಲ ಹಿಡಿದು ಅಂಗಡಿಯಲ್ಲಿ ಕೂತೆ. ಸಂಜೆಯಾದರೂ ಯಾರೂ ರಟ್ಟು ತರಲಿಲ್ಲ. ಬೀದಿಯಾಚೆ, ಎದುರು ಬದಿಗೆ ಸೇರಿದ ತರಕಾರಿಯವಳ ಬಳಿಗೆ ನಾನೇ ಹೋದೆ.

"ಅಕ್ಕಾ, ರಟ್ಟು ಕೊಡಿ, ನಾಣ್ಯ ಕೊಡ್ತೀನಿ."

"ಹೋಗಮ್ಮಾ! ಬ್ಯಾಂಕಿನವರೇ ಬಾಗಿಲು ಹಾಕ್ಕೊಂಡ್ರು, ಅಣ್ಣ ಹಾಕಲಿಲ್ಲ. ಅವರ ಸಹಿ ಇಲ್ಲಿ ಇನ್ನೂ ನಡೆಯುತ್ತೆ."

ಟೊಮೆಟೊ ಕೊಂಡೆ. ಚಿಲ್ಲರೆಯಾಗಿ ಅವಳು ಅವರ ಸಹಿಯ ರಟ್ಟನ್ನೇ ಕೊಟ್ಟಳು. ಅದನ್ನು ಹಿಡಿದು ತಲೆಯೆತ್ತಿ ಬೀದಿ ದಾಟಿದೆ.