ನನಗೆ ತಾಗದ ಬೇನೆ

ನಾನು ಒಂದು ಬಾತುಕೋಳಿ. ಹುಟ್ಟಿದ್ದು ಮಾತ್ರ ಕೋಳಿಯ ರೆಕ್ಕೆಯಡಿ. ಬಾತುಗಳಿಗೆ ಕಾವು ಕೂರುವ ತಾಳ್ಮೆಯಿಲ್ಲವೆಂದು ಕಾರಟಗಿ ಕಡೆಯ ಹುಲಿಗೆಮ್ಮ ನಮ್ಮ ಒಂಬತ್ತು ಮೊಟ್ಟೆಗಳನ್ನು ತನ್ನ ಚುಕ್ಕಿ ಕೋಳಿಗೆ ಇಟ್ಟಳು. ಪಾಪ, ಅದು ತನ್ನ ಲೆಕ್ಕಕ್ಕಿಂತ ಒಂದು ವಾರ ಹೆಚ್ಚೇ ಕೂತು ನಮ್ಮನ್ನು ಹೊರತಂದಿತು. ಅದನ್ನೇ ನಾನು ಅವ್ವ ಅಂದುಕೊಂಡೆ.

ಒಂದು ಚಳಿಗಾಲ ಕಾಲುವೆಗೆ ಪರದೇಶದ ಹಕ್ಕಿಗಳು ಇಳಿದವು. ಅವುಗಳ ಜೊತೆ ಈಜಿ ಮನೆಗೆ ಬಂದೆ. ನನಗೆ ಒಂದು ಸೀನೂ ಬರಲಿಲ್ಲ. ಮೂರನೆಯ ದಿನ ಅವ್ವನ ಜುಟ್ಟು ಕಪ್ಪಾಯಿತು. ಮೂಗಿನಿಂದ ರಕ್ತ ಸೋರಿತು. ಕತ್ತು ತಿರುಚಿಕೊಂಡು, ನೆಲಕ್ಕೆ ತಲೆ ಬಡಿದು ಸತ್ತಿತು.

ಹಕ್ಕಿಜ್ವರವೆಂದು ಸರಕಾರದ ಕಡೆಯಿಂದ ಮೈತುಂಬ ಬಿಳಿ ಅಂಗಿ ತೊಟ್ಟವರು ಬಂದು ಉಳಿದ ಕೋಳಿಗಳ ಕತ್ತು ಮುರಿದು ಗುಂಡಿಗೆ ಎಸೆದರು. ಇನ್ನೂ ಒದ್ದಾಡುತ್ತಿದ್ದವುಗಳ ಮೇಲೂ ಸುಣ್ಣ ಸುರಿದರು. ಆಮೇಲೆ ನಮ್ಮ ಸರದಿ.

"ಬಾತಿಗೆ ಏನೂ ಆಗಿಲ್ಲಲ್ರೀ, ಅವನ್ಯಾಕ ಕೊಲ್ತೀರಿ?" ಎಂದಳು ಹುಲಿಗೆಮ್ಮ.

"ಅದಽ ತೊಂದ್ರಿ ಆಗಿರೋದವ್ವ," ಎಂದರು ದನದ ಡಾಕ್ಟರು. "ರೋಗ ಒಳಗ ಬಂದ ಕೂಡ್ಲೇ ಗುರುತು ಹಿಡಿಯೋ ಜೀನ್ ಬಾತಿಗೈತಿ, ಕೋಳಿಗಿಲ್ಲ. ಬಾತು ಸಾಯಂಗಿಲ್ಲ, ರೋಗ ಹೊತ್ಕೊಂಡು ತಿರುಗತೈತಿ."

ಅವಳು ನಂಬಲಿಲ್ಲ. ಬೇನೆ ಇದ್ದರೆ ಮೈಮೇಲೆ ಕಾಣಬೇಡವೇ? ನನ್ನ ಒಡಹುಟ್ಟಿದ ಎಂಟರ ಕತ್ತು ಮುರಿಯುತ್ತಿದ್ದಾಗ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದೂರಿನ ಮಗಳು ಗಂಗವ್ವನ ಮನೆಗೆ ಓಡಿದಳು. ಗಂಡ ಸತ್ತಮೇಲೆ ಗಂಗವ್ವ ನಲವತ್ತು ಕೋಳಿ ಸಾಕಿಯೇ ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದಳು. ಅದೇ ಗೂಡಿಗೆ ನನ್ನನ್ನು ಬಿಟ್ಟರು.

ನಾಲ್ಕೇ ದಿನ. ನಲವತ್ತೂ ರಕ್ತ ಕಾರಿ ಒಂದರ ಮೇಲೊಂದು ಬಿದ್ದು ಸತ್ತವು. ಹೆಣಗಳ ನಡುವೆ ನಾನು ಗುಂಡುಕಲ್ಲಿನಂತೆ ನಿಂತಿದ್ದೆ.

"ನೀನಽ ತಂದು ಹಾಕಿದಿ ಬೇ," ಎಂದಷ್ಟೇ ಹೇಳಿ ಗಂಗವ್ವ ತಾಯಿಯ ಮುಖಕ್ಕೆ ಬಾಗಿಲು ಹಾಕಿದಳು.

ಹುಲಿಗೆಮ್ಮ ನನ್ನನ್ನು ಕಾಲು ಹಿಡಿದು ತಲೆಕೆಳಗಾಗಿ ಒಯ್ದು ಡಾಕ್ಟರ ಮುಂದೆ ಎಸೆದಳು. "ಕೊಲ್ರಿ ಇದನ್ನ."

"ಬ್ಯಾಡವ್ವ. ಇಷ್ಟು ಸಾವಿನಾಗ ಬದುಕೈತಿ. ಇದರ ರಕ್ತ ನೋಡಿದ್ರ ಮುಂದ ಕೋಳಿಗೋಳ್ನ ಉಳಿಸೋ ದಾರಿ ಸಿಗಬಹುದು."

"ಉಳಸ್ರಿ ಅಂದಾಗ ಕೊಂದ್ರಿ. ಕೊಲ್ರಿ ಅಂದ್ರ ಉಳಸ್ತೀರಿ," ಎಂದು ಅವಳು ಅಲ್ಲೇ ಕುಸಿದು ಅತ್ತಳು.

ಈಗ ನನಗೆ ವಯಸ್ಸಾಗಿದೆ. ಪ್ರಯೋಗಶಾಲೆಯ ಹಿತ್ತಿಲಲ್ಲಿ, ಜಾಲರಿಯ ಹಿಂದೆ ಇದ್ದೇನೆ. ತಿಂಗಳಿಗೊಮ್ಮೆ ರೆಕ್ಕೆಗೆ ಸೂಜಿ ಚುಚ್ಚುತ್ತಾರೆ. ಮೈಯಲ್ಲಿ ರೋಗ ಉಳಿದಿಲ್ಲ ಎನ್ನುತ್ತಾರೆ. ನಾನು ನಂಬುವುದಿಲ್ಲ. ಕಾವಲುಗಾರನ ಕೋಳಿಮರಿಗಳು ಬೆಚ್ಚಗಿರಲೆಂದು ಜಾಲರಿಗೆ ಮೈ ಒತ್ತಿ ಕೂರಲು ಬರುತ್ತವೆ. ಪುಕ್ಕ ಕಿತ್ತುಬರುವಂತೆ ಕಚ್ಚಿ ಅಟ್ಟುತ್ತೇನೆ. ಕೆಟ್ಟ ಬಾತು ಎಂದು ಅವನು ಬಯ್ಯುತ್ತಾನೆ. ಬಯ್ಯಲಿ. ಅವು ಬದುಕಿರಲಿ.